ಬ್ರಹ್ಮಗಿರಿಯ ಹಕ್ಕಿ ನೀಲಗಿರಿಯದ್ದಲ್ಲ

ಬ್ರಹ್ಮಗಿರಿಯ ಶೋಲಾ ಕಾಡಿನಲ್ಲಿ (ಎತ್ತರದ ಬೆಟ್ಟಗಳ ಕಣಿವೆಯ ಕುಳ್ಳ ಕಾಡು) ತೆಗೆದ ಹಕ್ಕಿಯ ಫೋಟೋ ಹಾಕಿ, ‘ಇದು ನೀಲಗಿರಿ ಲಾಫಿಂಗ್ ಥ್ರಶ್ ಅಲ್ವಾ?’ ಎಂದು ಕೇಳಿದ್ದೀರಿ. ಅಲ್ಲ, ಇದು ಅದರ ಹತ್ತಿರದ ನೆಂಟ, ಬಾಣಾಸುರ ಚಿಲಪ್ಪನ್ ಎಂಬ ಹಕ್ಕಿ. ಫೋಟೋ ಸ್ವಲ್ಪ ದೊಡ್ಡದು ಮಾಡಿ ಗಂಟಲು, ಎದೆ ನೋಡಿ. ಅಲ್ಲೆಲ್ಲ ಬೂದು ಬಣ್ಣ. ಕಂದುಗೆಂಪು ಶುರುವಾಗುವುದು ಅದರ ಕೆಳಗೆ. ನೀಲಗಿರಿಯದಕ್ಕೆ ಎದೆಯೂ ಕಂದುಗೆಂಪೇ. ಬಿಳಿ ಹುಬ್ಬು ಎರಡಕ್ಕೂ ಇದೆ, ಸುಮ್ನೆ ಅದನ್ನು ನಂಬಿ ಕೂರಬೇಡಿ.

ನಿಮ್ಮ ಗೊಂದಲಕ್ಕೆ ಕಾರಣವೂ ಇದೆ. ಕೆಲವು ಹಳೆಯ ಪುಸ್ತಕಗಳಲ್ಲಿ ಇದು ನೀಲಗಿರಿ ಹಕ್ಕಿಯ ಉಪಪ್ರಭೇದ, ಅಂದರೆ ಅದೇ ಪ್ರಭೇದದ ಇನ್ನೊಂದು ಬಗೆ. 2017ರಲ್ಲಿ ವಿಜ್ಞಾನಿಗಳು ಡಿಎನ್‌ಎ, ಮೈಬಣ್ಣ, ಹಾಡು ಎಲ್ಲ ತಾಳೆ ನೋಡಿ ಬೇರೆ ಪ್ರಭೇದ ಎಂದರು. ಈ ನೆಂಟ ಪ್ರಭೇದಗಳನ್ನೆಲ್ಲ ಸೇರಿಸಿ ‘ಮಾಂಟೆಸಿಂಕ್ಲಾ’ ಎಂಬ ಹೊಸ ಕುಲವನ್ನೇ ಮಾಡಿದರು. ಎತ್ತರದ ಕಾಡಿನ ಹಕ್ಕಿಗಳಿವು, ಬೆಟ್ಟಗಳ ನಡುವಿನ ತಗ್ಗು ದಾಟಿ ಬೆರೆಯುವುದು ಕಷ್ಟ, ಅದಕ್ಕೇ ಬೇರೆಬೇರೆಯಾಗಿವೆ. ನಿಮ್ಮ ಹಕ್ಕಿ ಪಟ್ಟಿಯಲ್ಲಿ ಇದರ ವೈಜ್ಞಾನಿಕ ಹೆಸರು ‘ಮಾಂಟೆಸಿಂಕ್ಲಾ ಜೆರ್ಡೋನಿ’ ಎಂದು ಬರೆದುಕೊಳ್ಳಿ.