ಆನ್‌ಲೈನ್ ಪರೀಕ್ಷೆಯಲ್ಲಿ ಕಾಪಿ ತಡೆಯೋಕೆ ಕ್ಯಾಮೆರಾ ಕಡ್ಡಾಯ ಮಾಡಿದರೆ ಸಾಕೇ?

ಅರ್ಧ ತರಗತಿ ಒಂದೇ ಉತ್ತರ ಕಳಿಸುತ್ತಿದೆ, ಕ್ಯಾಮೆರಾ ಕಡ್ಡಾಯ ಮಾಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ.

2020ರ ಲಾಕ್‌ಡೌನ್‌ನಲ್ಲಿ ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದೆ. ಇಂಟರ್ನಲ್ಸ್‌ಗೆ ಕೊಟ್ಟಿದ್ದು ಸುಲಭದ ಲೆಕ್ಕ: ಎರಡೂ ತುದಿಗೆ ಆಸರೆಯಿರುವ 6 ಮೀಟರ್ ಬೀಮ್, ಮೀಟರಿಗೆ 10 ಕಿಲೋನ್ಯೂಟನ್ ಭಾರ, ಗರಿಷ್ಠ ಬೆಂಡಿಂಗ್ ಮೊಮೆಂಟ್ (ಬೀಮನ್ನು ಬಗ್ಗಿಸುವ ಪರಿಣಾಮ) ಎಷ್ಟು? ಭಾರವನ್ನು ಉದ್ದದ ವರ್ಗದಿಂದ ಗುಣಿಸಿದರೆ (10×6×6) 360, ಅದನ್ನು ಸೂತ್ರದಂತೆ 8ರಿಂದ ಭಾಗಿಸಿದರೆ 45. ಯಾರೋ ಅವಸರದಲ್ಲಿ 6ರಿಂದ ಭಾಗಿಸಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. 14 ಹಾಳೆಗಳಲ್ಲಿ ಅದೇ 60! ಆ ಹೊತ್ತಿಗೆ ಕ್ಯಾಮೆರಾ ಆನ್ ಇದ್ದವರೂ ಅದರಲ್ಲಿದ್ದರು.

ಸಿಟ್ಟಿನಿಂದ ಒಬ್ಬನಿಗೆ ಫೋನ್ ಮಾಡಿದೆ. ಮಲೆನಾಡಿನ ಹುಡುಗ, ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕೂತಿದ್ದ. "ಸಾರ್, ಒಂದು ತಿಂಗಳಿಂದ ಕ್ಲಾಸ್ ಕೇಳ್ಸೇ ಇಲ್ಲ. ಪ್ರಶ್ನೆಪತ್ರಿಕೆ ಮಾತ್ರ ಬಂತು" ಅಂದ. ಅವನು ಮಾಡಿದ್ದು ತಪ್ಪೇ. ಆದರೆ ಪಾಠ ತಲುಪಿಸದೆ ಪರೀಕ್ಷೆ ಮಾತ್ರ ತಲುಪಿಸಿದ್ದು ನನ್ನ ತಪ್ಪು. ಅದಕ್ಕೆ ಆ ಸಲ ಯಾರಿಗೂ ಸೊನ್ನೆ ಕೊಡಲಿಲ್ಲ, ಮತ್ತೆ ಪಾಠ ಮಾಡಿದೆ.

ಮುಂದಿನ ಪರೀಕ್ಷೆಗೆ ಲೆಕ್ಕ ಅದೇ ಇಟ್ಟು, ಭಾರದ ಜಾಗದಲ್ಲಿ ಅವರವರ ಯುಎಸ್‌ಎನ್‌ನ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ) ಕೊನೆಯ ಎರಡಂಕಿ ಹಾಕಿಕೊಳ್ಳಲು ಹೇಳಿದೆ. ಉತ್ತರ ಎತ್ತಿ ಬರೆಯುವುದು ಅಲ್ಲಿಗೆ ನಿಂತಿತು. ವಿಧಾನ ನೋಡಿಕೊಂಡು ಬರೆದವರು ಯಾರೆಂದು ತಿಳಿಯಲು ಎಲ್ಲರಿಗೂ ಐದು ನಿಮಿಷದ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ: "ಈ 8 ಎಲ್ಲಿಂದ ಬಂತಪ್ಪ?" ಅರ್ಥವಾದವನು ಕಾಲು ಭಾಗದಲ್ಲಿ (1/4) ಅರೆಕಾಲು (1/8) ಕಳೆದು, ಉಳಿಯುವುದು 1/8 ಎಂದು ತೋರಿಸುತ್ತಾನೆ. ಬರೀ ನಕಲು ಮಾಡಿದವನು ಸೂತ್ರವನ್ನೇ ಮತ್ತೆ ಓದುತ್ತಾನೆ. 60 ಜನರಿಗೆ ಐದು ಗಂಟೆ ಬೇಕು, ಹೌದು. ಆದರೆ ಯಾರಿಗೆ ಏನು ಬರುತ್ತದೆ ಅನ್ನೋದು ಆ ಐದು ಗಂಟೆಯಲ್ಲಿ ಗೊತ್ತಾದಷ್ಟು ಇಡೀ ಸೆಮಿಸ್ಟರ್‌ನಲ್ಲಿ ಗೊತ್ತಾಗಿರಲಿಲ್ಲ.

ಅಂಕಗಳ ಹಂಚಿಕೆಯನ್ನೂ ನೋಡಿ. ಎನ್‌ಪಿಟಿಇಎಲ್ (ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಶಿಕ್ಷಣ) ಕೋರ್ಸುಗಳಲ್ಲಿ ಮನೆಯಿಂದ ಮಾಡುವ ಅಸೈನ್‌ಮೆಂಟ್‌ಗೆ ಸಾಮಾನ್ಯವಾಗಿ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟ್ ಉತ್ತರಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ, ಆದರೂ ಅಷ್ಟರಿಂದಲೇ ಯಾರೂ ಸರ್ಟಿಫಿಕೇಟ್ ತಗೊಳ್ಳೋಕೆ ಆಗಲ್ಲ.

ಚಾಟ್‌ಜಿಪಿಟಿಯಲ್ಲಿ ಬರೆಸಿದ್ದನ್ನು ಹಿಡಿಯಲು ಸಾಫ್ಟ್‌ವೇರ್ ನಂಬಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ತಂದ ಪತ್ತೆ ಸಾಧನವನ್ನು, ನಿಖರತೆ ಸಾಲದೆಂದು ಜುಲೈನಲ್ಲೇ ಹಿಂತೆಗೆದುಕೊಂಡಿತು. ಯಂತ್ರದ ಮಾತು ನಂಬಿ ಕಷ್ಟಪಟ್ಟು ಬರೆದ ಮಗುವನ್ನು ಕಳ್ಳ ಅನ್ನುವುದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣದು. ಅಲ್ಲೂ ವೈವಾನೇ ಕೇಳಿ.

ವೈವಾ ಇದೆಯೆಂದು ಮೊದಲ ದಿನವೇ ಹೇಳಿಬಿಡಿ. ನೆಟ್ ಇಲ್ಲದವರಿಗೆ ವಿಡಿಯೋ ಬೇಡ, ಮಾಮೂಲಿ ಫೋನ್ ಕರೆಯಲ್ಲೇ ಕೇಳಿ. ಗುಡ್ಡದ ಹುಡುಗನಿಗೆ ನಾನು ಹಾಗೇ ಮಾಡಿದ್ದು.