ಲೋಕದಂತೆ ಇರಬಾರದು ಅಂದ್ರೆ ಮಲ್ಲಿಗೆ ಮುಡಿಯಬಾರದು ಅಂತಾನಾ?

ಕ್ರೈಸ್ತರು ‘ಲೋಕದ ನಡವಳಿಕೆ ಅನುಸರಿಸಬಾರದು’ ಅಂತಾರಲ್ಲ, ಹಾಗಾದ್ರೆ ಹೂವು, ಬೊಟ್ಟು, ಊರಿನ ಪದ್ಧತಿ ಎಲ್ಲ ಬಿಡಬೇಕಾ ಅಂತ ನೀವು ಕೇಳಿದ್ದೀರಿ. ನಾನು ಮಂಗಳೂರಿನವಳು. ನಮ್ಮದು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ) ಕಾಲದಿಂದ ಪ್ರಾಟೆಸ್ಟೆಂಟ್ ಆದ ಮನೆ. ನನಗೆ ಕಂಡದ್ದು ಹೇಳುತ್ತೇನೆ.

ಆ ಮಾತು ಬರುವುದು ಬೈಬಲಿನಲ್ಲಿ, ಅಪೊಸ್ತಲ ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ. ಆ ಅಧ್ಯಾಯ ಪೂರ್ತಿ ಓದಿ ನೋಡಿ. ಹೂವು, ಸೀರೆ, ಒಡವೆಯ ಸುದ್ದಿಯೇ ಇಲ್ಲ. ನೀವೇ ದೊಡ್ಡವರು ಅಂದುಕೊಳ್ಳಬೇಡಿ, ದೀನರ ಜೊತೆ ಬೆರೆಯಿರಿ, ಕೇಡಿಗೆ ಕೇಡು ಮಾಡಬೇಡಿ, ಇಂಥದ್ದೇ ಇದೆ.

ನಮ್ಮ ಹಿರಿಯರು ನಿಜಕ್ಕೂ ಏನು ಬಿಟ್ಟರು ನೋಡಿ. ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಇಲ್ಲಿ ಸಭೆಗೆ (ಚರ್ಚಿಗೆ) ಸೇರಿದವರಲ್ಲಿ ಬಿಲ್ಲವರು ಜಾಸ್ತಿ. ಭೂತಾರಾಧನೆ ಬಿಟ್ಟರು, ಅದರ ಜೊತೆ ಕಳ್ಳು ಇಳಿಸುವ ಕಸುಬೂ ಹೋಯಿತು. ಮನೆಯಿಂದ ಹೊರಗೆ, ಕೈಯಲ್ಲಿ ಕೆಲಸ ಇಲ್ಲ. ಮಿಷನ್‌ನವರು ನೇಯ್ಗೆ, ಆಮೇಲೆ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದಕ್ಕೆ ಇದೂ ಒಂದು ಕಾರಣ. ಮಂಗಳೂರು ಹಂಚು ಅಂದಾಗ ಎಷ್ಟು ಜನರಿಗೆ ಇದು ನೆನಪಾಗುತ್ತದೋ ಗೊತ್ತಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ ದೀಕ್ಷಾಸ್ನಾನ ತೆಗೆದುಕೊಂಡಾಗ ಊರಲ್ಲಿ ದೊಡ್ಡ ಗಲಾಟೆ. ಅವರೇ ಮುಂದೆ ಬಾಸೆಲ್‌ಗೆ ಹೋಗಿ ಓದಿ, ಬೋಧಕರಾಗಿ ವಾಪಸ್ ಬಂದರು. ಜಾತಿ ಬಿಟ್ಟದ್ದು ಬಾಯಿಮಾತಿಗಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇಕಾ?

ಹಾಗಂತ ಆ ಕಾಲದವರು ಇಲ್ಲಿನದನ್ನೆಲ್ಲ ಕಸ ಅಂದುಕೊಳ್ಳಲಿಲ್ಲ. ಅದೇ ಮಿಷನ್‌ನ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ತಂದದ್ದು 1843ರಲ್ಲಿ. ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅವರೇ. (ಕೆಲವು ಮಿಷನರಿಗಳು ಊರಿನ ನಂಬಿಕೆಗಳ ಬಗ್ಗೆ ಒರಟಾಗಿ ಬರೆದದ್ದೂ ಉಂಟು. ಅದನ್ನು ಮುಚ್ಚಿಡುವುದಿಲ್ಲ.)

ಈಗ ನಮ್ಮ ಕಥೆ. ನಾನು ಕಾಲೇಜಿಗೆ ಹೋಗುವಾಗ ಒಬ್ಬ ಸಭಾಪಾಲಕರು ಮೂರು ಭಾನುವಾರ ಮಲ್ಲಿಗೆ ಮುಡಿಯುವುದರ ವಿರುದ್ಧವೇ ಪ್ರಸಂಗ ಮಾಡಿದರು. ಉಡುಪಿ ಹತ್ತಿರದ ಶಂಕರಪುರದ ಕಡೆ ಆ ಮಲ್ಲಿಗೆ ಬೆಳೆಯುವ ಕ್ರೈಸ್ತ ಕುಟುಂಬಗಳೇ ಬೇಕಾದಷ್ಟಿವೆ! ವರದಕ್ಷಿಣೆ ಬಗ್ಗೆ ಅವರು ಒಂದು ಭಾನುವಾರವೂ ಮಾತಾಡಲಿಲ್ಲ.

ಆಮೇಲೆ ನನಗೊಂದು ಸಂಬಂಧ ಬಂತು. ಹುಡುಗನ ತಂದೆ ಸಭೆಯ ಹಿರಿಯರು. ಮನೆಯಲ್ಲಿ ಹೂವಿಲ್ಲ, ಬೊಟ್ಟಿಲ್ಲ, ಸಿನಿಮಾ ಇಲ್ಲ. ಪ್ರಾರ್ಥನೆ ಮಾಡಿಯೇ ಮಾತು ಶುರು. “ನಮ್ಮದೇನೂ ಡಿಮ್ಯಾಂಡ್ ಇಲ್ಲ, ನಿಮ್ಮ ಮಗಳಿಗೆ ನೀವು ಹಾಕುವುದು ಹಾಕಿ” ಅಂದರು. ಚಹಾ ಮುಗಿಯುವಷ್ಟರಲ್ಲಿ, ದೊಡ್ಡ ಸೊಸೆ 50 ಪವನು ಚಿನ್ನ ತಂದಳು ಅಂತ ಸುಮ್ನೆ ಹಾಗೇ ಹೇಳಿದರು. ಅಪ್ಪ ಲೋಟ ಕೆಳಗಿಟ್ಟರು. “ನಮ್ಮ ಹಿರಿಯರು ಕಳ್ಳಿನ ಮರ ಬಿಟ್ಟು ಮಗ್ಗದಲ್ಲಿ ಕೂತದ್ದು ಇದಕ್ಕಾ?” ಅಂತ ಕೇಳಿ ಎದ್ದು ಬಂದರು. ಅಮ್ಮನಿಗೆ ಅಪ್ಪನ ಮೇಲೆ ಒಂದು ತಿಂಗಳು ಸಿಟ್ಟು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಬಿಡಬೇಕಾದದ್ದು ಇದೆ, ಆದರೆ ಅದು ಹೂವಲ್ಲ. ಜಾತಿ, ವರದಕ್ಷಿಣೆ ಬಿಡುವುದಕ್ಕೆ ಕಿಸೆಗೂ ನೋವು, ನೆಂಟರಿಗೂ ಬೇಜಾರು. ಹೂವು ಬಿಡುವುದು ಸುಲಭ, ಅದೂ ಹೆಂಗಸರೇ ಬಿಡಬೇಕು, ಅಲ್ವಾ?

ಮೂರು ವರ್ಷದ ನಂತರ ಬೇರೆ ಕಡೆ ಮದುವೆ ಆಯಿತು. ಪವನಿನ ಮಾತು ಬರಲಿಲ್ಲ. ಆ ದಿನ ಎರಡು ಅಟ್ಟೆ (ನಮ್ಮ ಕಡೆ ಮಲ್ಲಿಗೆ ಮಾರುವ ಅಳತೆ) ಮಲ್ಲಿಗೆ ಮುಡಿದಿದ್ದೆ. ಈಗ ಫೋಟೋ ನೋಡಿದರೆ ಸ್ವಲ್ಪ ಜಾಸ್ತಿಯೇ ಆಯಿತು ಅನಿಸುತ್ತದೆ.