ಎರಡೂ ಕಥೆ ಹೇಳಿದ್ರಿ, ಹೋಲಿಕೆ ಎಲ್ಲಿ?

ನಮಸ್ಕಾರ,

'ಅಂಡರ್‌ವರ್ಲ್ಡ್' (1927), 'ದಿ ಡಾಕ್ಸ್ ಆಫ್ ನ್ಯೂಯಾರ್ಕ್' (1928) ಈ ಎರಡು ಮೂಕಿ ಚಿತ್ರಗಳ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. ಬೇಜಾರು ಮಾಡ್ಕೋಬೇಡಿ, ಈಗಿರೋ ಹಾಗೆ ಹಾಕೋಕಾಗಲ್ಲ. ಮೊದಲ ಮೂರು ಪುಟ ಸಿನಿಮಾ ಹುಟ್ಟಿದ ಚರಿತ್ರೆ, ಆಮೇಲೆ ಒಂದರ ಕಥೆ ಪೂರ್ತಿ, ಆಮೇಲೆ ಇನ್ನೊಂದರ ಕಥೆ ಪೂರ್ತಿ, ಕೊನೇಲಿ 'ಎರಡೂ ಅದ್ಭುತ'. ಅಕ್ಕಪಕ್ಕ ಎರಡು ಎಲೆ ಹಾಕಿ ಬಡಿಸಿದ ಹಾಗಿದೆ, ಹೋಲಿಕೆ ಎಲ್ಲಿದೆ ಮಾರಾಯ್ರೆ?

ಎರಡಕ್ಕೂ ನಿರ್ದೇಶಕ ಜೋಸೆಫ್ ವಾನ್ ಸ್ಟರ್ನ್‌ಬರ್ಗ್, ಎರಡರಲ್ಲೂ ಹೀರೋ ಜಾರ್ಜ್ ಬ್ಯಾಂಕ್ರಾಫ್ಟ್, ಇದನ್ನ ನೀವು ಬ್ರಾಕೆಟ್ಟಲ್ಲಿ ಹಾಕಿ ಮುಂದೆ ಹೋಗಿಬಿಟ್ಟಿದೀರ! ಲೇಖನ ಇರೋದೇ ಅಲ್ಲಿ. ಮೊದಲನೇದ್ರಲ್ಲಿ ಆತ ದರೋಡೆಕೋರ ಬುಲ್ ವೀಡ್, ಗಲ್ಲು ಶಿಕ್ಷೆ ಆಗಿರೋನು, ಪ್ರೇಯಸಿನೂ ಗೆಳೆಯನೂ ಸೇರಿ ಮೋಸ ಮಾಡಿದ್ರು ಅಂತ ಜೈಲಿಂದ ತಪ್ಪಿಸ್ಕೊಂಡು ಬರ್ತಾನೆ, ಪೊಲೀಸರ ಗುಂಡಿನ ಮಧ್ಯೆ ಅವ್ರು ಮೋಸ ಮಾಡಿಲ್ಲ ಅಂತ ಗೊತ್ತಾಗುತ್ತೆ, ತಾನೇ ಹೋಗಿ ಶರಣಾಗ್ತಾನೆ. ಎರಡನೇದ್ರಲ್ಲಿ ಹಡಗಿನ ಬಾಯ್ಲರ್‌ಗೆ ಕಲ್ಲಿದ್ದಲು ಹಾಕೋ ಬಿಲ್, ನೀರಿಗೆ ಬಿದ್ದು ಸಾಯೋಕೆ ಹೋದ ಹುಡುಗಿಗೆ ಕದ್ದ ಬಟ್ಟೆ ತಂದುಕೊಟ್ಟು, ಕುಡಿದ ಅಮಲಲ್ಲಿ ಅದೇ ರಾತ್ರಿ ಮದುವೆ ಆಗಿ, ಬೆಳಿಗ್ಗೆ ಬಿಟ್ಟು ಹೋದೋನು ವಾಪಸ್ ಈಜಿ ಬಂದು, ಬಟ್ಟೆ ಕದ್ದ ಆರೋಪ ಆ ಹುಡುಗಿ ಮೇಲೆ ಬಂದಿರೋದ್ರಿಂದ ಕೋರ್ಟಲ್ಲಿ 'ಕದ್ದಿದ್ದು ನಾನು' ಅಂತಾನೆ. ಸಿಗೋದು 60 ದಿನ ಜೈಲು. ಪ್ರೀತಿಗೋಸ್ಕರ ತಾನಾಗೇ ಕಾನೂನಿಗೆ ಶರಣಾಗೋ ಅದೇ ಗಂಡಸು, ಒಂದು ಕಡೆ ಕುಣಿಕೆ, ಇನ್ನೊಂದು ಕಡೆ ಎರಡು ತಿಂಗಳು. ನನಗೆ ಕೇಳಿದ್ರೆ ಆ 60 ದಿನವೇ ಜಾಸ್ತಿ ತಟ್ಟುತ್ತೆ, ಅದು ಹೀರೋಗಿರಿ ಅಲ್ಲ ನೋಡಿ. ನಿಮ್ಗೆ ಬೇರೆ ಅನ್ಸಿದ್ರೆ ಅದನ್ನೇ ಬರೀರಿ, ಏನೋ ಒಂದು ಅನ್ಸಬೇಕು ಅಷ್ಟೇ.

'ಮೂಕಿ ಅಂದ್ಮೇಲೆ ಅತಿ ನಟನೆ ಇದ್ದೇ ಇರುತ್ತೆ' ಅಂತ ಬರ್ದಿದೀರ, ಇದನ್ನ ಚಿತ್ರ ನೋಡೋ ಮುಂಚೆನೇ ಬರ್ದಿಟ್ಕೊಂಡ್ರಾ? ಬುಲ್ ವೀಡ್ ನಗು ಜೋರಾಯ್ತು, ಒಪ್ಕೋತೀನಿ. ಆದ್ರೆ 'ಡಾಕ್ಸ್'ನಲ್ಲಿ ಆ ಹುಡುಗಿ ಪಾತ್ರ ಮಾಡಿರೋ ಬೆಟ್ಟಿ ಕಾಂಪ್ಸನ್ ನೋಡಿ, ಬಿಲ್‌ನ ಹರಿದ ಜೇಬು ಹೊಲಿಯೋಕೆ ಕೂತಾಗ ಕಣ್ತುಂಬಿ ಸೂಜಿ ಕಾಣಲ್ಲ, ಪರದೆ ಮೇಲೆ ನಮಗೂ ಸೂಜಿ ಮಂಜಾಗುತ್ತೆ. ಮುಖ ಅಲ್ಲ, ಕ್ಯಾಮೆರಾ ಅಳೋದು ಅಲ್ಲಿ. 'ಅಂಡರ್‌ವರ್ಲ್ಡ್'ನಲ್ಲಿ ಬುಲ್ ಪ್ರೇಯಸಿ ಫೆದರ್ಸ್ ಬಟ್ಟೆಯಿಂದ ಉದುರಿದ ಒಂದು ಗರಿ ತೇಲ್ತಾ ತೇಲ್ತಾ ಕೆಳಗೆ ಕಸ ಗುಡಿಸೋನ, ಅಂದ್ರೆ ಮುಂದೆ ಬುಲ್‌ಗೆ ಗೆಳೆಯ ಆಗೋನ ಹತ್ರ ಬರುತ್ತಲ್ಲ, ಮುಂದೆ ಆ ಇಬ್ರ ಮಧ್ಯೆ ಏನಾಗುತ್ತೆ ಅಂತ ಆಗ್ಲೇ ಗೊತ್ತಾಗಿಹೋಗುತ್ತೆ. ಗರಿ, ಸೂಜಿ, ಇವೆರಡನ್ನೇ ಹಿಡ್ಕೊಂಡು ಒಂದು ಪುಟ ಬರೀಬಹುದಿತ್ತು, ನೀವು ಎರಡನ್ನೂ ಬಿಟ್ಟಿದೀರ.

ಒಂದು ತಪ್ಪು ಬೇರೆ ಇದೆ. ಕಥೆಗಾರ ಬೆನ್ ಹೆಕ್ಟ್‌ಗೆ ಕಥೆಗಾಗಿ ಆಸ್ಕರ್ ಬಂದಿದ್ದು 'ಡಾಕ್ಸ್'ಗಲ್ಲ, 'ಅಂಡರ್‌ವರ್ಲ್ಡ್'ಗೆ, 1929ರ ಮೊದಲ ಸಮಾರಂಭದಲ್ಲಿ.

ಒಂಬತ್ತನೇ ಪುಟದಲ್ಲಿ 'ಬಿಲ್ ಓಡಿಹೋಗಿದ್ರೂ ಯಾರೂ ಕೇಳ್ತಿರ್ಲಿಲ್ಲ' ಅಂತ ಒಂದು ಸಾಲಿದೆ. ಅಲ್ಲಿಂದ ಶುರು ಮಾಡಿ, ನಾಲ್ಕು ಪುಟ ಸಾಕು, ತಿಂಗಳೊಳಗೆ ಕಳ್ಸಿ.